ಮಾಟುಂಗಾದ ಫಿಸಿಯೋ: ಓಡೋವ್ರಿಗೆ ಒಳ್ಳೇದು, ಲಿಫ್ಟ್ ಮಾತ್ರ ಕೇಳ್ಬೇಡಿ

ಮುಂಬೈಲಿ ಕಿಂಗ್ಸ್ ಸರ್ಕಲ್ ಹತ್ರ ಒಬ್ರು ಫಿಸಿಯೋಥೆರಪಿಸ್ಟ್ ಕ್ಲಿನಿಕ್ಕು, ಹಳೇ ಬಿಲ್ಡಿಂಗು, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೀನಖಂಡ ಎಳ್ಕೊಂಡು ಕುಂಟ್ತಾ ಬಂದೋನಿಗೆ ಆ ಮೆಟ್ಟಿಲೇ ಮೊದಲನೇ ಟೆಸ್ಟು. ಅವ್ರ ಹೆಸರು ಇಲ್ಲಿ ಹಾಕಲ್ಲ, ಹಾಕಿದ್ರೆ ನಂಗೇ ಅಪಾಯಿಂಟ್‌ಮೆಂಟ್ ಸಿಗಲ್ಲ, ಬೇಕಾದವ್ರು ಮೆಸೇಜ್ ಮಾಡಿ.

ಇದಕ್ಕೆ ಮುಂಚೆ ಇನ್ನೊಂದು ಕಡೆ ಹೋಗಿದ್ದೆ, ಅಲ್ಲಿ ಕಾಲಿಗೆ ಕರೆಂಟ್ ಮಷೀನ್ ಹಚ್ಚಿ ಮಲಗಿಸಿ ಪ್ಯಾಕೇಜ್ ತಗೊಳ್ಳಿ ಸರ್ ಅಂದ್ರು, ಅಷ್ಟೇ. ಇಲ್ಲಿ ಮೇಡಂ ಉಡುಪಿ ಕಡೆಯವ್ರು, ಮಷೀನ್ ಮುಟ್ಲೇ ಇಲ್ಲ. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿಸಿ ಹಿಮ್ಮಡಿ ಎತ್ತೋಕೆ ಹೇಳಿ, ತಲೆ ಎಲ್ಲಿವರೆಗೆ ಹೋಯ್ತು ಅಂತ ಪೆನ್ಸಿಲ್ಲಲ್ಲಿ ಗೆರೆ ಎಳೆದ್ರು, ಮನೇಲಿ ಮಕ್ಕಳ ಎತ್ತರ ಗುರುತು ಹಾಕ್ತಾರಲ್ಲ ಹಾಗೆ. ಎಡಗಾಲಿಂದು, ಬಲಗಾಲಿಂದು, ಬೇರೆ ಬೇರೆ ಗೆರೆ. ಎಳ್ಕೊಂಡ ಕಾಲು ನಾಲ್ಕೇ ಸಲಕ್ಕೆ ಗಡಗಡ.

ಎಕ್ಸರ್‌ಸೈಜ್ ಸಿಂಪಲ್ಲು. ಮಂಡಿ ನೇರ ಇಟ್ಟು ಹಿಮ್ಮಡಿ ಎತ್ತೋದು ಮೀನಖಂಡದ ಮೇಲಿನ ದೊಡ್ಡ ಸ್ನಾಯುಗೆ, ಮಂಡಿ ಮಡಚಿ ಎತ್ತೋದು ಅದರ ಅಡಿಗಿರೋ ಸೋಲಿಯಸ್ ಅನ್ನೋ ಸ್ನಾಯುಗೆ, ಓಡೋವ್ರಿಗೆ ಎರಡೂ ಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನೋವು 10ರಲ್ಲಿ 3 ದಾಟಬಾರದು, ಮುಖ್ಯವಾಗಿ ಮಾರನೇ ದಿನ ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡೋ ಮೊದಲನೇ ಹೆಜ್ಜೆ ಹೆಂಗಿದೆ ನೋಡಿ ಬರ್ದಿಡಿ ಅಂದ್ರು. ಓಡಿದ ದಿನದ ಲೆಕ್ಕ ಅಲ್ಲ, ಮಾರನೇ ದಿನದ್ದು!

ನಂಗೆ ಇಷ್ಟ ಆಗಿದ್ದು ಇದು. ಒಂದು ವಾರ ಶಿವಾಜಿ ಪಾರ್ಕ್ ಸುತ್ತು ಆರಾಮಾಗಿ ಹೊಡ್ದಿದ್ದೆ, ಅದರ ಮುಂದಿನ ವಾರ ಫೈವ್ ಗಾರ್ಡನ್ಸ್‌ನಲ್ಲಿ ಶುರು ಮಾಡ್ತಿದ್ದಂಗೇ ಕಾಲು ಬಿಗಿ, ಗೋಡೆ ಮೇಲಿನ ಗೆರೆನೂ ಹಿಂದಿಂದಕ್ಕಿಂತ ಕೆಳಗೆ ಬಂತು. ನಾನು ಮುಖ ಊದಿಸ್ಕೊಂಡು ನಿಂತಿದ್ರೆ ಅವ್ರು "ಬೇಜಾರು ಎಂತಕ್ಕೆ ಮಾರ್ರೆ, ಈ ವಾರ ಟ್ರೇನಲ್ಲಿ ಎಷ್ಟು ಹೊತ್ತು ನಿಂತಿದ್ರಿ ಅದು ಹೇಳಿ" ಅಂದ್ರು. ನೋಡಿದ್ರೆ ಆ ವಾರ ಪೂರ್ತಿ ಅಂಧೇರಿ ಆಫೀಸಿಗೆ ನಿಂತ್ಕೊಂಡೇ ಓಡಾಟ, ದಿನಾ ದಾದರ್ ಬ್ರಿಡ್ಜ್ ಹತ್ತಿ ಇಳಿಯೋದು ಬೇರೆ. ಕಾಲಿಗೆ ಅದೂ ಕೆಲಸಾನೇ ಅಂತ ಆ ವಾರ ಓಟ ಕಮ್ಮಿ ಮಾಡಿಸಿದ್ರು, ಹಿಮ್ಮಡಿ ಎಕ್ಸರ್‌ಸೈಜ್ ಮಾತ್ರ ನಿಲ್ಲಿಸಲಿಲ್ಲ. ಮುಂಬೈಲಿ ಟ್ರೇನ್ ಲೆಕ್ಕಕ್ಕೆ ತಗೊಳ್ಳೋ ಫಿಸಿಯೋನೇ ಬೇಕು ಕಣ್ರೀ, ಬರೀ ಓಟದ ವಾಚ್ ನೋಡೋರಲ್ಲ.

ಜನವರಿ ಮ್ಯಾರಥಾನಲ್ಲಿ ಹಾಫ್, ಅಂದ್ರೆ ಅರ್ಧ ಮ್ಯಾರಥಾನ್, ಓಡ್ಬೋದಾ ಅಂತ ಕೇಳ್ದೆ. ಆಗತ್ತೆ ಅಂತಾನೂ ಹೇಳ್ಲಿಲ್ಲ, ಆಗಲ್ಲ ಅಂತಾನೂ ಹೇಳ್ಲಿಲ್ಲ, "ಡಿಸೆಂಬರಲ್ಲಿ ಗೋಡೆ ನೋಡುವ" ಅಂದ್ರು. ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸ್ತು, ಆದ್ರೆ ಡೇಟ್ ಕೊಟ್ಟು ದುಡ್ಡು ಕೇಳೋರಿಗಿಂತ ವಾಸಿ.

ತೊಂದ್ರೆ ಇಲ್ವಾ ಅಂದ್ರೆ ಇದೆ. ಹೇಳಿದ ಟೈಮಿಗೆ ಯಾವತ್ತೂ ಒಳಗೆ ಕರೆಯಲ್ಲ, ಕೂರೋಕೆ ಮೂರೇ ಕುರ್ಚಿ, ಫ್ಯಾನು ಶಬ್ದ ಜಾಸ್ತಿ ಗಾಳಿ ಕಮ್ಮಿ. ಸೆಷನ್ನಿಗೆ 700 ರೂಪಾಯಿ, ಎರಡು ವಾರಕ್ಕೊಂದು ಸಲ ಬಂದ್ರೆ ಸಾಕು ಅಂತ ಅವ್ರೇ ಹೇಳೋದ್ರಿಂದ ಜೇಬಿಗೆ ಭಾರ ಅನ್ಸಲ್ಲ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಹೋಗೋವ್ರು ಶನಿವಾರ ಸಾಯಂಕಾಲ ಬಿಟ್ಟು ಬೇರೆ ಹೊತ್ತಲ್ಲಿ ಹೋಗಿ, ಹಳೇ ಶೂಸೂ ತಗೊಂಡು ಹೋಗಿ, ಅಡಿ ಎಲ್ಲಿ ಸವೆದಿದೆ ಅಂತ ತಿರುಗಿಸಿ ನೋಡ್ತಾರೆ.