ಜೋಯ್ಡಾ ಕಡೆ ಹೋಂಸ್ಟೇ ಹೈಡ್: ಎಮರಾಲ್ಡ್ ಡವ್ ನೋಡೋಕೆ ಸೂಪರ್, ಆದ್ರೆ ಆ ಗ್ಲಾಸ್ ತೆಗೀರಪ್ಪ

ಜೋಯ್ಡಾ ತಾಲೂಕಿನ ಗಣೇಶಗುಡಿ ಅಂದ್ರೆ ಹಕ್ಕಿ ಫೋಟೋದವರಿಗೆಲ್ಲ ಮೊದ್ಲು ನೆನಪಾಗೋದು ಸರ್ಕಾರಿ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜೀನ್ ಹೌಸ್ ರೆಸಾರ್ಟ್, ಸೂಪಾ ಡ್ಯಾಮ್ ಕಟ್ಟೋವಾಗ ಸ್ಫೋಟಕ ಇಡ್ತಿದ್ದ ಜಾಗ ಅದು. ನಾನು ಹೋಗಿದ್ದು ಅದಲ್ಲ, ಅದೇ ಸೀಮೆಯ ಒಂದು ಪ್ರೈವೇಟ್ ಹೋಂಸ್ಟೇ. ಕಂಪ್ಲೇಂಟ್ ಒಂದಿದೆ, ಓನರ್‌ಗೆ ಮುಖಕ್ಕೇ ಹೇಳಿಯಾಗಿದೆ, ಹಂಗಾಗಿ ಇಲ್ಲಿ ಹೆಸರು ಬೇಡ.

ನನಗೆ ಬೇಕಿದ್ದಿದ್ದು ಎಮರಾಲ್ಡ್ ಡವ್, ಹಸಿರು ರೆಕ್ಕೆಯ ಕಾಡು ಪಾರಿವಾಳ. ಘಟ್ಟದಲ್ಲಿ ಅಪರೂಪ ಅಂತೇನಲ್ಲ, ಪಕ್ಕದ ತಮಿಳುನಾಡಲ್ಲಿ ಅದೇ ರಾಜ್ಯಪಕ್ಷಿ, ಆದ್ರೂ ನೆಟ್ಟಗೆ ನೋಡಿದೋರು ಕಮ್ಮಿ. ಕಾಡುದಾರೀಲಿ ತನ್ನ ಪಾಡಿಗೆ ಬಿದ್ದ ಬೀಜ, ಹಣ್ಣು ಹೆಕ್ಕೊಂಡು ನಡೀತಿರುತ್ತೆ, ನಾವು ಹತ್ರ ಹೋಗೋಷ್ಟ್ರಲ್ಲಿ ಬುರ್ರಂತ ಎದ್ದು ಮರಗಳ ಸಂದೀಲಿ ತಗ್ಗಲ್ಲೇ ನುಗ್ಗಿ ಮಾಯ, ಬೆನ್ನ ಮೇಲಿನ ಎರಡು ಬಿಳಿ ಪಟ್ಟೆ ಕಂಡ್ರೆ ನಮ್ಮ ಪುಣ್ಯ. ಬೆಳಗ್ಗೆಯೆಲ್ಲ ಹೂಂ ಹೂಂ ಅಂತ ನರಳೋ ಥರ ಕೂಗ್ತಾನೇ ಇರುತ್ತೆ, ಎಲ್ಲಿಂದ ಅಂತ ಮಾತ್ರ ಗೊತ್ತಾಗಲ್ಲ.

ಬಹಳ ಕಡೆ ಹೈಡ್ (ಹಕ್ಕಿಗೆ ಕಾಣದ ಹಾಗೆ ಕೂತು ಫೋಟೋ ತೆಗೆಯೋ ಮರೆ) ಮಾಡೋದು ಬುಲ್‌ಬುಲ್, ಫ್ಲೈಕ್ಯಾಚರ್‌ಗೆ, ಒಂದು ಚೆಂದದ ಕೊಂಬೆ ನೆಟ್ಟು ಅದರ ಎತ್ತರಕ್ಕೆ ಸ್ಟೂಲ್ ಹಾಕಿರ್ತಾರೆ. ನೆಲದಲ್ಲಿ ಓಡಾಡೋ ಹಕ್ಕಿಗೆ ಅದು ಉಪಯೋಗ ಇಲ್ಲ, ಬರೀ ಬೆನ್ನು ಸಿಗುತ್ತೆ. ಇಲ್ಲಿ ಪುಣ್ಯಾತ್ಮರು ಹೈಡ್ ಒಳಗಿನ ನೆಲಾನೇ ಅಗೆದು ತಗ್ಗು ಮಾಡಿದಾರೆ, ಹಸಿರು ನೆಟ್‌ನ ಕಿಂಡೀಲಿ ಲೆನ್ಸ್ ಇಟ್ರೆ ಹಕ್ಕಿಗಳಿಗಂತ ಎದುರಿಗೆ ಇಟ್ಟಿರೋ ನೀರಿನ ಮಟ್ಟಕ್ಕೇ ಬರುತ್ತೆ. ಇದೊಂದಕ್ಕೇ ಫುಲ್ ಮಾರ್ಕ್ಸ್.

ಶಾಮಾ, ಕಿತ್ತಳೆ ತಲೆಯ ಥ್ರಷ್ ಎಲ್ಲ ಸ್ನಾನ ಮುಗಿಸಿ ಹೋದ್ಮೇಲೆ ಎಲೆ ಮೇಲೆ ಸಪ್ಪಳ ಬಂತು, ಎರಡು ಹೆಜ್ಜೆ ಇಡೋದು, ನಿಲ್ಲೋದು, ಮತ್ತೆ ಎರಡು ಹೆಜ್ಜೆ. ಗಂಡು ಎಮರಾಲ್ಡ್ ಡವ್. ಬೂದು ನೆತ್ತಿ, ಬಿಳಿ ಹುಬ್ಬು, ಭುಜದ ಹತ್ರ ಬಿಳಿ ಮಚ್ಚೆ, ಹವಳದ ಬಣ್ಣದ ಕೊಕ್ಕು, ಬಿಸಿಲು ಚುಕ್ಕಿ ಬಿದ್ದಾಗ ರೆಕ್ಕೆ ಹಸಿರು ತಾಮ್ರದ ಕಡೆ ತಿರುಗುತ್ತೆ, ಈ ಕಲರ್ ಯಾವ ಕ್ಯಾಮೆರಾದಲ್ಲೂ ಪೂರ್ತಿ ಬರಲ್ಲ ಬಿಡಿ. ನೀರು ಕುಡಿಯೋದು ನೋಡ್ಬೇಕು, ಬೇರೆ ಹಕ್ಕಿ ಥರ ಗುಟುಕಿಗೊಂದ್ಸಲ ತಲೆ ಎತ್ತಲ್ಲ, ಕೊಕ್ಕು ಮುಳುಗಿಸಿ ಒಂದೇ ಸಮನೆ ಹೀರುತ್ತೆ. ಪಕ್ಕದ ಸೀಟಿನ ಸರ್ ಮಷಿನ್ ಗನ್ ಥರ ಶಟರ್ ಒತ್ತಿದ್ರು, ಮುಗೀತು ಕಥೆ. ಸೈಲೆಂಟ್ ಮೋಡ್ ಕಡ್ಡಾಯ ಅಂತ ಒಂದು ಬೋರ್ಡ್ ಹಾಕಿ ಸ್ವಾಮಿ.

ಈಗ ಕಂಪ್ಲೇಂಟ್. ಡೈನಿಂಗ್ ಹಾಲಿಗೆ ಕಾಡಿನ ಕಡೆ ಪೂರ್ತಿ ಗಾಜು, ವ್ಯೂ ಬೇಕಂತೆ. ತಗ್ಗಲ್ಲಿ ಸ್ಪೀಡಾಗಿ ಹಾರೋ ಈ ಹಕ್ಕಿಗೆ ಅದರಲ್ಲಿ ಕಾಣೋದು ಇನ್ನೊಂದು ಕಾಡು. ಸಿಂಗಾಪುರದಲ್ಲೂ ಇವು ಬಿಲ್ಡಿಂಗ್ ಗಾಜಿಗೆ ಬಡಿದು ಸಾಯೋದು ಗೊತ್ತಿರೋ ವಿಷ್ಯ. ಇಲ್ಲಿ ಗಾಜಿನ ಮೇಲೆ ಪೌಡರ್ ಮೆತ್ತಿದ ಹಾಗೆ ಬಿಚ್ಚಿದ ರೆಕ್ಕೆಯ ಅಚ್ಚು, ಒಂದೊಂದು ಗರಿಯೂ ಎಣಿಸಬಹುದು, ಪಾರಿವಾಳ ಜಾತಿ ಹಕ್ಕಿ ಮೈಮೇಲಿನ ಪುಡಿ ಅದು. ಕೇಳಿದ್ರೆ ಹುಡುಗ "ಬಡಿತಾವೆ ಸರ್, ಒರೆಸ್ತೀವಿ" ಅಂದ. ಇಷ್ಟು ದುಡ್ಡು ತಗೊಂಡು ಹಕ್ಕಿ ತೋರಿಸೋರು ಹಿಂಗಂದ್ರೆ ಹೆಂಗೆ? ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದಾರೆ, ಅದು ಲೆಕ್ಕಕ್ಕಿಲ್ಲ, ಹೊರಗಿಂದ ನಾಲ್ಕಿಂಚಿಗೊಂದು ಹಗ್ಗ ಇಳಿಬಿಟ್ರೆ ಸಾಕು, ಖರ್ಚೂ ಅಂಥದ್ದೇನಿಲ್ಲ. ಓನರ್ ಮಾಡಿಸ್ತೀನಿ ಅಂದಿದಾರೆ.

ಊಟ ಚೆನ್ನಾಗಿತ್ತು, ಬಿಸಿನೀರು ಸೋಲಾರ್, ಮೋಡ ಇದ್ರೆ ಇಲ್ಲ. ಬುಕ್ ಮಾಡೋಕೆ ಮುಂಚೆ ಫೋನಲ್ಲಿ ಹಗ್ಗ ಕಟ್ಟಿಸಿದ್ರಾ ಅಂತ ಕೇಳಿ, ನಾಲ್ಕು ಜನ ಕೇಳಿದ್ರೆ ಬೇಗ ಆಗುತ್ತೆ. ಹೈಡ್‌ಗೆ ಚಾರ್ಜ್ ಬೇರೆ, ಅದನ್ನೂ ಆಗ್ಲೇ ಕೇಳ್ಕೊಳಿ, ನಮಗೆ ಬಿಲ್ ಬಂದಾಗ ಗೊತ್ತಾಗಿದ್ದು.