ಜೋಡಿ ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್: ಮೂರು ತಿಂಗಳು ಬಳಸಿದ ಮೇಲೆ

ಮಗಳು 33 ವಾರಕ್ಕೇ ಹುಟ್ಟಿದಳು. ಮೊಲೆ ಚೀಪುವ ಶಕ್ತಿಯಿಲ್ಲ, ಮೂಗಿನಲ್ಲಿ ನಳಿಕೆ. "ನೀವು ಹಿಂಡಿ ಕೊಡಿ, ನಾವು ಕುಡಿಸ್ತೀವಿ" ಅಂತ ನರ್ಸ್ ಹೇಳಿದ ದಿನವೇ ಈ ಪಂಪ್ ತರಿಸಿದೆ.

ಮೊದಲ ದಿನ ಬಾಟಲಿಯ ತಳ ಒದ್ದೆಯಾಯಿತು, ಅಷ್ಟೇ. ನಾಲ್ಕನೆಯ ದಿನವೂ 10 ಮಿ.ಲೀ. ದಾಟಲಿಲ್ಲ. ಎಳೆತ ಏರಿಸುತ್ತಾ ಹೋದೆ. ನೋವು ಹೆಚ್ಚಿತು, ಹಾಲು ಹೆಚ್ಚಲಿಲ್ಲ. ಹಾಲೂಡಿಸುವ ಬಗ್ಗೆ ಸಲಹೆ ಕೊಡುವ ಮೇಡಂ ಬಂದವರೇ ಮೊದಲು ನೋಡಿದ್ದು ಎದೆಗೆ ಹಿಡಿಯುವ ಆಲಿಕೆಯನ್ನು. ಪೆಟ್ಟಿಗೆಯಲ್ಲಿ ಬಂದದ್ದು 24 ಮಿ.ಮೀ., ನನಗೆ ಬೇಕಿದ್ದುದು 21. ತೊಟ್ಟಿನ ಜೊತೆ ಸುತ್ತಲಿನ ಚರ್ಮವೂ ಒಳಗೆ ಎಳೆದುಕೊಂಡು ಕೆಂಪಗೆ ಬಾತುಹೋಗಿತ್ತು. ಸರಿಯಾದದ್ದನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಈ ಪಂಪಿನ ದೊಡ್ಡ ಕೊರತೆ ಇದೇ. ಹಸಿ ಬಾಣಂತಿಗೆ ಎರಡು ಮೂರು ಅಳತೆ ಜೊತೆಗೇ ಕೊಡಬೇಕು.

"ರಾತ್ರಿ ಎಷ್ಟು ಸಲ ಹಿಂಡ್ತೀರಿ?" ಅಂತ ಕೇಳಿದರು. ಹನ್ನೊಂದರಿಂದ ಆರರವರೆಗೆ ಮುಟ್ಟುತ್ತಲೇ ಇರಲಿಲ್ಲ. ಹಾಲು ಉತ್ಪತ್ತಿ ಮಾಡಿಸುವುದು ಪ್ರೊಲ್ಯಾಕ್ಟಿನ್, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನು. ಉಳಿದ ಹೊತ್ತು ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಅದನ್ನು ತಡೆದಿಟ್ಟಿರುತ್ತದೆ. ತೊಟ್ಟು ಎಳೆದಾಗಲೆಲ್ಲ ಆ ತಡೆ ಸಡಿಲವಾಗಿ ಪ್ರೊಲ್ಯಾಕ್ಟಿನ್ ರಕ್ತದಲ್ಲಿ ಏರುತ್ತದೆ, ರಾತ್ರಿ ಇನ್ನೂ ಹೆಚ್ಚು. ಈಗಿನ ಎಳೆತ ಮುಂದಿನ ಹೊತ್ತಿನ ಹಾಲಿಗೆ. ಎದೆಯಲ್ಲೇ ಹಾಲು ಕಟ್ಟಿಕೊಂಡು ನಿಂತರೆ ಉತ್ಪತ್ತಿಯೂ ಇಳಿಯುತ್ತದೆ. ದಿನಕ್ಕೆ 8 ಸಲ, ನಡುರಾತ್ರಿಯದನ್ನು ಬಿಡಕೂಡದು ಅಂದರು.

ಪಂಪ್ ಬೆಲೆಬಾಳಿದ್ದು ಆಗಲೇ. ಎರಡೂ ಕಡೆ ಒಟ್ಟಿಗೆ, ಹದಿನೈದು ನಿಮಿಷ. ಪಕ್ಕದಲ್ಲಿ ಮಲಗಿದ್ದ ಅಮ್ಮ ಎಚ್ಚರಾಗದಷ್ಟು ಮೆಲ್ಲಗಿನ ಮೋಟಾರು. ಮೊದಲೆರಡು ನಿಮಿಷ ಕೂಸಿನ ಹಾಗೆ ಚುಟುಕು ಚುಟುಕಾಗಿ ಎಳೆಯುತ್ತದೆ, ಆಮೇಲೆ ನಿಧಾನ, ಉದ್ದ. ಮಗಳ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡರೆ ತೊಟ್ಟಿಕ್ಕುತ್ತಿದ್ದುದು ಎಳೆಯಾಗಿ ಚಿಮ್ಮುತ್ತಿತ್ತು. ಇರುವ ಹಾಲನ್ನು ಇಳಿಸುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು, ಅದಕ್ಕೆ ಮಗುವಿನ ವಾಸನೆಯೂ ಸಾಕು. ಹನ್ನೆರಡನೆಯ ದಿನ ಒಂದು ಹೊತ್ತಿಗೆ 60 ಮಿ.ಲೀ.! ಬಾಟಲಿಯನ್ನು ಬೆಳಕಿಗೆ ಹಿಡಿದು ಅತ್ತುಬಿಟ್ಟೆ.

ಎರಡನೇ ತಿಂಗಳಲ್ಲಿ ಎಳೆತ ಸತ್ತಂತಾಯಿತು. ಸಿಲಿಕೋನ್ ವಾಲ್ವಿನ ತುದಿ ಕೂದಲೆಳೆಯಷ್ಟು ಸೀಳಿತ್ತು. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಮಗು ಚೆನ್ನಾಗಿ ಚೀಪುತ್ತಿದ್ದರೆ ಇದನ್ನು ಕೊಳ್ಳಲೇಬೇಡಿ, ಅದಕ್ಕಿಂತ ಒಳ್ಳೆಯ ಪಂಪ್ ಇಲ್ಲ. ನನ್ನ ಮಗಳೂ ಈಗ ತಾನಾಗಿಯೇ ಚೀಪುತ್ತಾಳೆ. ಪಂಪ್ ತೆಗೆಯುವುದು ರಾತ್ರಿಯ ಒಂದು ಹೊತ್ತಿಗೆ ಮಾತ್ರ.