ಲೀಚೆಸ್ ವಿಮರ್ಶೆ: ಎಂಜಿನ್ ಸರಿ ನಡೆ ತೋರಿಸುತ್ತದೆ, ಕಾರಣ ನೀವೇ ಬರೆಯಬೇಕು

ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಶುರುಮಾಡಿದ ಆನ್‌ಲೈನ್ ಚೆಸ್ ತಾಣ ಲೀಚೆಸ್ ಇವತ್ತಿಗೂ ಪೂರ್ತಿ ಉಚಿತ. ಜಾಹೀರಾತಿಲ್ಲ, ದುಡ್ಡು ಕೊಟ್ಟವರಿಗೆ ಮಾತ್ರ ಎನ್ನುವ ಸೌಲಭ್ಯವೂ ಇಲ್ಲ, ದೇಣಿಗೆಯಲ್ಲೇ ನಡೆಯುತ್ತದೆ. ಆಡುವುದಕ್ಕೆ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಕೇಂದ್ರ ಹಿಡಿ, ಕಾಯಿಗಳನ್ನು ಬೇಗ ಹೊರತೆಗೆ, ರಾಜನನ್ನು ಭದ್ರಮಾಡು ಎಂಬಂಥ ಸೂತ್ರಗಳನ್ನು ಅರಗಿಸಿಕೊಳ್ಳಲು ಎಷ್ಟು ನೆರವಾಗುತ್ತದೆ?

ನಡೆಗಳನ್ನು ಪರೀಕ್ಷಿಸುವ ಅನಾಲಿಸಿಸ್ ಬೋರ್ಡಿನಲ್ಲಿ ಇದನ್ನು ಹಾಕಿ ನೋಡಿ (ಅಕ್ಷರ, ಅಂಕಿ ಸೇರಿ ಚೌಕದ ಹೆಸರು; ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು): ಇ4–ಇ5, ಕುದುರೆ ಎಫ್3–ಕುದುರೆ ಸಿ6, ಬಿಷಪ್ ಸಿ4–ಕುದುರೆ ಎಫ್6, ಈಗ ಬಿಳಿಯ ಕುದುರೆ ಜಿ5ಕ್ಕೆ. ಓಪನಿಂಗಿನಲ್ಲಿ, ಅಂದರೆ ಆಟದ ಆರಂಭದಲ್ಲಿ, ಒಂದೇ ಕಾಯಿಯನ್ನು ಎರಡು ಸಲ ನಡೆಸಬಾರದೆಂಬ ಪಾಠಕ್ಕೆ ಇದು ನೇರ ವಿರುದ್ಧ. ಆದರೂ ನಡೆಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ಎಂಜಿನ್ ಆಕ್ಷೇಪಿಸುವುದಿಲ್ಲ, ಏಕೆಂದರೆ ಎಫ್7ರ ಮೇಲೆ ಕುದುರೆ, ಬಿಷಪ್ ಎರಡರ ಕಣ್ಣೂ ಇದೆ. ಕಪ್ಪು ಡಿ5 ಆಡುತ್ತದೆ, ಬಿಳಿ ಅದನ್ನು ಕಾಲಾಳಿನಿಂದ ಹೊಡೆಯುತ್ತದೆ. ಕಪ್ಪು ಕುದುರೆಯಿಂದ ಮರಳಿ ಹೊಡೆದರೆ ಬಿಳಿ ಎಫ್7ರಲ್ಲಿ ಕುದುರೆ ಬಲಿಕೊಟ್ಟು, ರಾಣಿಯಿಂದ ಎಫ್3ರಲ್ಲಿ ಚೆಕ್ ಕೊಟ್ಟು, ರಾಜನನ್ನು ಇ6ಕ್ಕೆ ಎಳೆಯುತ್ತದೆ. ಹಾಗೆ ಹೊಡೆಯದೆ ಇನ್ನೊಂದು ಕುದುರೆಯನ್ನು ಎ5ಕ್ಕೆ ತಂದು ಬಿಷಪ್ಪನ್ನು ಕೆಣಕಿದರೆ, ಕಪ್ಪು ಒಂದು ಕಾಲಾಳು ಕಳೆದುಕೊಂಡರೂ ಬಿಳಿ ಕಾಯಿಗಳನ್ನು ಹಿಂದಕ್ಕಟ್ಟುತ್ತಾ ನಡೆಗಳನ್ನು ಗಳಿಸುತ್ತದೆ. ಸೂತ್ರ ಮುರಿದವರಿಗೆ ಕಾಲಾಳು ಸಿಕ್ಕಿತು, ಬೆಲೆ ನಡೆಗಳಲ್ಲಿ ತೆರಬೇಕಾಯಿತು. ಯಾರಿಗೆ ಎಷ್ಟು ಮೇಲುಗೈ ಎಂದು ಎಂಜಿನ್ ಪರದೆಯ ಮೇಲೆ ತೋರಿಸುವ ಒಂದು ಅಂಕಿ ಈ ಲೆಕ್ಕವನ್ನು ಬಿಡಿಸಿ ಹೇಳುವುದಿಲ್ಲ.

ಆಟ ಮುಗಿದ ಮೇಲಿನ ಕಂಪ್ಯೂಟರ್ ವಿಶ್ಲೇಷಣೆಯಲ್ಲಿ ಇನ್ನೂ ದೊಡ್ಡ ಕೊರತೆಯಿದೆ. ಗೆಲ್ಲುವ ಸಾಧ್ಯತೆ ಎಷ್ಟು ಕುಸಿಯಿತು ಎಂಬುದರ ಮೇಲೆ ಅದು ತಪ್ಪನ್ನು ಅಳೆಯುತ್ತದೆ. ಒಂಬತ್ತು ಕಾಲಾಳಿನಷ್ಟು ಮೇಲುಗೈ, ಅಂದರೆ +9, ಇದ್ದದ್ದು +5ಕ್ಕೆ ಇಳಿದರೂ ಆ ಸಾಧ್ಯತೆ ಅದೇ ಪ್ರಮಾಣದಲ್ಲಿ ಕುಸಿಯದು, ಬ್ಲಂಡರ್ (ದೊಡ್ಡ ತಪ್ಪು) ಎಂಬ ಗುರುತೂ ಬೀಳದು. ಮೇಲುಗೈ ಇದ್ದಾಗ ಕಾಯಿಗಳನ್ನು ಬದಲಾಯಿಸಿಕೋ, ಕಾಲಾಳುಗಳನ್ನು ಉಳಿಸಿಕೋ ಎಂಬ ಸೂತ್ರವನ್ನು ಬಿಟ್ಟು ಗೆದ್ದ ಆಟವನ್ನು ಸಿಕ್ಕು ಮಾಡಿಕೊಂಡವರಿಗೂ ವರದಿ ಚೊಕ್ಕವಾಗಿಯೇ ಕಾಣಬಹುದು.

ಹಾಗಾಗಿ ಬಳಸುವ ಕ್ರಮ ಮುಖ್ಯ. 15+10ರ ಆಟ ಆಡಿ, ಅಂದರೆ ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಹೆಚ್ಚುವರಿ. ಬ್ಲಿಟ್ಸ್‌ನಲ್ಲಿ (ಕೆಲವೇ ನಿಮಿಷಗಳ ಅವಸರದ ಆಟ) ಯಾಕೆ ಹಾಗೆ ನಡೆಸಿದಿರಿ ಎಂಬುದೇ ನೆನಪಿರದು. ಆಟವನ್ನು ಒಂದು ಸ್ಟಡಿಗೆ (ಆಟಗಳನ್ನು ಟಿಪ್ಪಣಿಯೊಂದಿಗೆ ಇಡುವ ಲೀಚೆಸ್‌ನ ಪುಸ್ತಕ) ಸೇರಿಸಿ, ಎಂಜಿನ್ ಆರಿಸಿಟ್ಟು, ಆಟ ತಿರುಗಿದ ಮೂರ್ನಾಲ್ಕು ಕಡೆ ಯಾವ ಸೂತ್ರ ನಂಬಿ ನಡೆಸಿದಿರೆಂದು ಟಿಪ್ಪಣಿ ಬರೆಯಿರಿ. ಆಮೇಲೆ ವಿಶ್ಲೇಷಣೆ ಕೇಳಿ. ಷೇರು ಕೊಳ್ಳುವವರು, ಅಂಗಡಿಗೆ ಸರಕು ತುಂಬಿಸುವವರು ಕಾರಣವನ್ನು ಮೊದಲೇ ಬರೆದಿಡುವುದೂ ಇದಕ್ಕೇ. ಫಲ ಗೊತ್ತಾದ ಮೇಲೆ ಎಲ್ಲರಿಗೂ ಮೊದಲೇ ಅನ್ನಿಸಿರುತ್ತದೆ! ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳಿಗೆ ಜಾಗವಿದೆ. ದಿನಾಂಕದ ಬದಲು ಸೂತ್ರದ ಹೆಸರಿನಲ್ಲಿ ಅಧ್ಯಾಯ ಮಾಡಿ. ಬೇರೆಯವರ ಸ್ಟಡಿಗಳ ಗುಣಮಟ್ಟ ಏರುಪೇರು, ಲೈಕ್ ನೋಡಿ ನಂಬಬೇಡಿ.

ಪಜಲ್‌ಗಳು ಲಕ್ಷಗಟ್ಟಲೆ, ಆದರೆ ಬಹುಪಾಲು ಕೆಲವೇ ನಡೆಗಳಲ್ಲಿ ಲಾಭ ಗಳಿಸುವ ತಂತ್ರದ್ದೇ. ದುರ್ಬಲ ಚೌಕ, ತನ್ನದೇ ಕಾಲಾಳುಗಳಿಂದ ಕಟ್ಟಿಬಿದ್ದ ಕೆಟ್ಟ ಬಿಷಪ್‌ನಂಥ ನಿಧಾನದ ಯೋಜನೆಗಳಿಗೆ ಅಲ್ಲಿ ಜಾಗ ಕಡಿಮೆ.

ಸೂತ್ರ ಕಲಿಯಲು ನಿಜವಾಗಿ ಒದಗುವುದು ಪ್ರಾಕ್ಟೀಸ್ ವಿಭಾಗ. ಅಪೊಸಿಷನ್ (ರಾಜರಿಬ್ಬರು ಎದುರುಬದುರು ನಿಲ್ಲುವುದು), ಲುಸೆನಾ, ಫಿಲಿಡಾರ್ (ಎರಡೂ ಕಡೆ ರೂಕ್, ಒಂದು ಕಡೆ ಮಾತ್ರ ಕಾಲಾಳು ಉಳಿದ ಕೊನೆಯಾಟಗಳು) ಸ್ಥಿತಿಗಳನ್ನು ಕಂಪ್ಯೂಟರ್ ಎದುರೇ ಆಡಿ ಸಾಧಿಸಬೇಕು, ಬಾಯಿಪಾಠ ನಡೆಯದು. ಫಿಲಿಡಾರ್‌ನಲ್ಲಿ ಕಪ್ಪಿನ ಕಡೆ ಕೂತವರು ರೂಕನ್ನು 6ನೇ ಸಾಲಿನಲ್ಲೇ ಕಾವಲಿಟ್ಟು ಬಿಳಿ ರಾಜನನ್ನು ತಡೆಯಬೇಕು. ಬಿಳಿ ಕಾಲಾಳು 6ಕ್ಕೆ ಕಾಲಿಟ್ಟ ಮೇಲಷ್ಟೇ ರೂಕನ್ನು 1ನೇ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡಬೇಕು. ಆತುರಪಟ್ಟು ಮೊದಲೇ ಇಳಿಸಿದರೆ ರಾಜ 6ನೇ ಸಾಲಿಗೆ ನುಗ್ಗುತ್ತಾನೆ, ಕಾಲಾಳಿನ ಮರೆಯಲ್ಲಿ ಚೆಕ್ ತಪ್ಪಿಸಿಕೊಳ್ಳುತ್ತಾನೆ, ಸುಲಭದ ಡ್ರಾ ಕಷ್ಟದ್ದಾಗುತ್ತದೆ.